ಚೀಟಿಯ ಮಾತ್ರೆಗೆ ಹೆದರುವವರು

ವಿಜಯನಗರದ ಮೆಡಿಕಲ್ ಸ್ಟೋರ್‌ಗಳಲ್ಲಿ ಮಂಡಿನೋವಿಗೆಂದು ಕೇಳಿ ಪಡೆದು ವರ್ಷಗಟ್ಟಲೆ ನುಂಗುವ ಮಾತ್ರೆ ನಿರಪಾಯಕಾರಿ, ಡಾಕ್ಟರು ಚೀಟಿಯಲ್ಲಿ ಬರೆದದ್ದು ಮಾತ್ರ ಚಟ ಹಿಡಿಸುವಂಥದ್ದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಹೆಚ್ಚು ಹೆದರಬೇಕಾದದ್ದು ಮೊದಲನೆಯದಕ್ಕೇ. ಡೈಕ್ಲೋಫೆನಾಕ್‌ನಂಥ ಮಾತ್ರೆಗಳು ನೋವು, ಊತಕ್ಕೆ ಕಾರಣವಾದ ಪ್ರೊಸ್ಟಾಗ್ಲಾಂಡಿನ್ ತಯಾರಾಗುವುದನ್ನು ತಡೆಯುತ್ತವೆ. ಆದರೆ ಹೊಟ್ಟೆಯ ಒಳಪದರವನ್ನು ಕಾಯುವುದೂ ಮೂತ್ರಪಿಂಡದ ರಕ್ತಸಂಚಾರಕ್ಕೆ ನೆರವಾಗುವುದೂ ಅದೇ ಪ್ರೊಸ್ಟಾಗ್ಲಾಂಡಿನ್. ಬಿ.ಪಿ., ಶುಗರ್ ಇದ್ದವರು ಇವನ್ನು ದಿನವೂ ನುಂಗಿದರೆ ಕಿಡ್ನಿಗೆ ಪೆಟ್ಟು ಬೀಳಬಹುದು; ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿದ್ದು ಕಾಣುವವರೆಗೂ ಅದು ತಿಳಿಯುವುದೇ ಇಲ್ಲ. ಕಾನೂನಿನಂತೆ ಡೈಕ್ಲೋಫೆನಾಕ್‌ಗೂ ಚೀಟಿ ಬೇಕು.

ಮೂರು ತಿಂಗಳು ದಾಟಿದ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಗಾಯ ಮಾಗಿದ ಮೇಲೂ ನರಗಳು ನೋವಿನ ಸುದ್ದಿ ಕಳಿಸುತ್ತಲೇ ಇರಬಹುದು. ಅಂಥ ನರನೋವಿಗೆ ಅಮಿಟ್ರಿಪ್ಟಿಲಿನ್ ಬರೆದರೆ, ಮೊಬೈಲಿನಲ್ಲಿ ಹುಡುಕಿ ‘ಇದು ಡಿಪ್ರೆಶನ್ ಮಾತ್ರೆ, ನನ್ನ ನೋವು ಸುಳ್ಳೆಂದುಕೊಂಡಿದ್ದಾರೆ’ ಎಂದು ನಿಲ್ಲಿಸುವವರಿದ್ದಾರೆ. ಬೆನ್ನುಹುರಿಯಲ್ಲಿ ನೋವಿನ ಸಂಕೇತವನ್ನು ತಗ್ಗಿಸುವ ಶಕ್ತಿ ಅದಕ್ಕಿದೆ, ಖಿನ್ನತೆಗೆ ಬೇಕಾದದ್ದಕ್ಕಿಂತ ಕಡಿಮೆ ಪ್ರಮಾಣದಲ್ಲೇ. ಫಲ ಕಾಣಲು ಕೆಲವು ವಾರ ಹಿಡಿಯುತ್ತದೆ. ಎರಡೇ ದಿನಕ್ಕೆ ಕೈಬಿಟ್ಟವರಿಗೆ ಇದನ್ನು ಮೊದಲೇ ಯಾರಾದರೂ ಬಿಡಿಸಿ ಹೇಳಬೇಕಿತ್ತು.

ಹಾಗಾದರೆ ಅಮೆರಿಕದಲ್ಲಿ ನೋವಿನ ಮಾತ್ರೆಗೆ ಬಲಿಯಾದವರ ಕತೆ ಸುಳ್ಳೇ? ಖಂಡಿತ ಅಲ್ಲ. ಆದರೆ ಅಲ್ಲಿ ಚಟ ಹಿಡಿಸಿದ್ದು ಓಪಿಯಾಯ್ಡ್, ಅಂದರೆ ಅಫೀಮಿನ ಜಾತಿಯ ನೋವಿನ ಮಾತ್ರೆಗಳು. 2018ರಲ್ಲಿ ಅಲ್ಲಿಯೇ 240 ರೋಗಿಗಳ ಮೇಲೆ ಒಂದು ವರ್ಷ ನಡೆದ ಅಧ್ಯಯನದ ವರದಿ ಬಂತು: ಬೆನ್ನು, ಸೊಂಟ, ಮಂಡಿಯ ಹಳೆಯ ನೋವಿನಲ್ಲಿ ಓಪಿಯಾಯ್ಡ್‌ಗಳು ಇತರ ಔಷಧಿಗಳಿಗಿಂತ ಮೇಲೇನೂ ಆಗಲಿಲ್ಲ. ಅದೇ ವರ್ಷ ಭಾರತ ಇದೇ ಜಾತಿಯ ಟ್ರಮಡಾಲನ್ನು 1985ರ ಮಾದಕವಸ್ತು ಕಾಯ್ದೆಯಡಿ ತಂದಿತು. ಹಾಗಾಗಿ ಬೆನ್ನುನೋವಿಗೆ ಅದನ್ನು ಬರೆಯಲು ಡಾಕ್ಟರು ಹಿಂಜರಿದರೆ ಅದು ಜಿಪುಣತನವಲ್ಲ. ಕ್ಯಾನ್ಸರಿನ ತೀವ್ರ ನೋವಿನ ಮಾತೇ ಬೇರೆ. ಅಲ್ಲಿ ಮಾರ್ಫಿನ್ ಬೇಕೇ ಬೇಕು; ಅದು ರೋಗಿಗೆ ಸುಲಭವಾಗಿ ಸಿಗಲೆಂದೇ 2014ರಲ್ಲಿ ಆ ಕಾಯ್ದೆಗೆ ತಿದ್ದುಪಡಿಯಾಯಿತು. ಚಟದ ಭಯದಿಂದ ಅದನ್ನು ತಡೆಯುವ ಮನೆಯವರು ರೋಗಿಯನ್ನು ಸುಮ್ಮನೆ ನರಳಿಸುತ್ತಾರೆ.

ಡಾಕ್ಟರ ಬಳಿ ಇಷ್ಟೆಲ್ಲ ಕೇಳಿ ತಿಳಿಯಲು ಸಮಯವೆಲ್ಲಿದೆ ಎನ್ನುವ ಆಕ್ಷೇಪ ನ್ಯಾಯವಾದದ್ದೇ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಹೋಗಲು ಪೀಣ್ಯದ ಕಾರ್ಮಿಕರು ಕೆಲಸ ಬಿಡಬೇಕು, ಸರದಿಯಲ್ಲಿ ಕಾಯಬೇಕು. ಸಿಗುವ ಕೆಲವೇ ನಿಮಿಷ ಬರಿದೆ ಕಳೆಯಬಾರದೆಂದರೆ, ನುಂಗುತ್ತಿರುವ ಎಲ್ಲ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳನ್ನೂ ಒಯ್ಯಬೇಕು, ಮೆಡಿಕಲ್ ಸ್ಟೋರಿನದು, ನಾಟಿ ಔಷಧಿಯ ಪೊಟ್ಟಣ ಸಮೇತ. ‘ತುಂಬಾ ನೋವು’ ಎನ್ನುವುದಕ್ಕಿಂತ, ಎಷ್ಟು ಹೊತ್ತು ನಿಲ್ಲಲಾಗುತ್ತದೆ, ರಾತ್ರಿ ಎಷ್ಟು ಸಲ ಎಚ್ಚರವಾಗುತ್ತದೆ ಎಂದು ಹೇಳಿದರೆ ವೈದ್ಯರಿಗೆ ಮುಂದಿನ ಸಲ ಹೋಲಿಸಿ ನೋಡಲು ಒಂದು ಅಳತೆ ಸಿಗುತ್ತದೆ.