ಮಾರ್ಚಿ ರಜೆಯಲ್ಲಿ ಹಿಮದ ಜಾರಾಟ: ಎಲ್ಲಿಗೆ ಹೋಗೋಣ?

ಸಂಕ್ರಾಂತಿ ಕಳೆದು ಎಳ್ಳು-ಬೆಲ್ಲದ ಡಬ್ಬಿ ಬರಿದಾಗುವ ಹೊತ್ತಿಗೆ ದೆಹಲಿಯ ನಮ್ಮ ವಾಚನಾಲಯದ ಉದ್ದ ಮೇಜಿನ ಸುತ್ತ ಪ್ರತಿ ವರ್ಷವೂ ಒಂದು ಮಾತು ಏಳುತ್ತದೆ: “ಮಕ್ಕಳ ಪರೀಕ್ಷೆ ಮುಗಿದ ಮೇಲೆ ಈ ಸಲ ಹಿಮ ಇರುವ ಕಡೆಗೆ ಹೋಗಬೇಕೆಂದಿದ್ದೇವೆ, ಸ್ವಾಮಿ. ಸ್ಕೀಯಿಂಗ್ ಕಲಿಯಬೇಕೆಂದು ಹುಡುಗರ ಹಟ. ಎಲ್ಲಿಗೆ ಹೋದರೆ ಒಳ್ಳೆಯದು?” ಆಸೆ ಸಹಜವಾದದ್ದೇ. ನಮ್ಮಲ್ಲಿ ಬಹುಮಂದಿ ಮಡಿಕೇರಿಯ ಮಂಜನ್ನೂ ಆಗುಂಬೆಯ ಮಳೆಯನ್ನೂ ಕಂಡವರು. ಮೊಣಕಾಲುದ್ದ ಬಿದ್ದ ಹಿಮವನ್ನು ಕಂಡವರು ಕಡಿಮೆ. ಊರಿನಲ್ಲಿದ್ದಾಗ ಹಿಮಾಲಯವೆಂಬುದು ಭೂಗೋಳದ ಪುಸ್ತಕದೊಳಗಿನ ಮಾತು. ಇಲ್ಲಿ ಅದು ಒಂದು ರಾತ್ರಿಯ ಬಸ್ಸಿನ ದೂರ.

ಆದರೆ ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಈ ವಿಷಯದಲ್ಲಿ ಅಕ್ಷರಶಃ ನಿಜ. ಕೆಲವು ವರ್ಷಗಳ ಹಿಂದೆ ನಾವು ನಾಲ್ಕು ಮನೆಯವರು ಸೇರಿ ಮಾರ್ಚಿಯ ಕೊನೆಯ ವಾರದಲ್ಲಿ ಮನಾಲಿಯ ಮೇಲಿರುವ ಸೋಲಾಂಗಿಗೆ ಹೋದೆವು. ದಾರಿಯಲ್ಲಿ ಬಾಡಿಗೆಯ ಕೋಟು, ಬಾಡಿಗೆಯ ಬೂಟು ತೊಟ್ಟು, ಮಕ್ಕಳ ಫೋಟೋ ಹಿಡಿದು, ಬಯಲಿಗೆ ಹೋಗಿ ನೋಡಿದರೆ ಅಲ್ಲಿದ್ದದ್ದು ಹಸಿರು ಹುಲ್ಲು, ಕೆಸರು, ನಡುವೆ ಎರಡು ಚಾಪೆ ಹಾಸಿದಷ್ಟು ಕೊಳಕು ಹಿಮ. ಅದರ ಮೇಲೆ ಸರತಿಯಲ್ಲಿ ನಿಂತು ಒಬ್ಬೊಬ್ಬರು ಹತ್ತು ಹತ್ತು ಮಾರು ಜಾರಿ ಬಂದೆವು. ತಪ್ಪು ಸೋಲಾಂಗಿನದಲ್ಲ, ನಮ್ಮದೇ. ಊರಿನ ಹೆಸರು ಕೇಳಿ ಹೊರಟೆವೇ ಹೊರತು ತಿಂಗಳನ್ನು ನೋಡಿ ಹೊರಡಲಿಲ್ಲ. ಅಂದು ಕಲಿತ ಪಾಠವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ತಿಂಗಳು, ಆಮೇಲೆ ಊರು

ದೆಹಲಿಯ ಶಾಲೆಗಳಲ್ಲಿ 10 ಮತ್ತು 12ನೆಯ ತರಗತಿಯವರನ್ನು ಬಿಟ್ಟರೆ ಉಳಿದವರ ವಾರ್ಷಿಕ ಪರೀಕ್ಷೆ ಸಾಮಾನ್ಯವಾಗಿ ಮಾರ್ಚಿ ನಡುವಿನ ಹೊತ್ತಿಗೆ ಮುಗಿಯುತ್ತದೆ. ಏಪ್ರಿಲ್ ಮೊದಲಲ್ಲೇ ಹೊಸ ತರಗತಿ. ನಡುವೆ ಸಿಕ್ಕುವುದು ಹತ್ತು ಹನ್ನೆರಡು ದಿನ. ಅನೇಕ ವರ್ಷ ಯುಗಾದಿಯೂ ಅದರಲ್ಲೇ ಬಂದುಬಿಡುತ್ತದೆ. ಇತ್ತ ಹಿಮಾಲಯದ ಜಾರುಬೆಟ್ಟಗಳಲ್ಲಿ ಹಿಮ ಚೆನ್ನಾಗಿರುವುದು ಜನವರಿ ನಡುವಿನಿಂದ ಫೆಬ್ರವರಿ ಕೊನೆಯವರೆಗೆ. ಅಂದರೆ ಮಕ್ಕಳಿಗೆ ಬಿಡುವಾಗುವ ಹೊತ್ತಿಗೆ ಹಿಮ ಹೊರಟು ನಿಂತಿರುತ್ತದೆ. ಆದ್ದರಿಂದ ನಾವು ಕೇಳಬೇಕಾದ ಪ್ರಶ್ನೆ “ಯಾವ ಊರು ಸುಂದರ?” ಎಂಬುದಲ್ಲ, “ಮಾರ್ಚಿಯ ಕೊನೆಗೂ ಎಲ್ಲಿ ಹಿಮ ಉಳಿದಿರುತ್ತದೆ?” ಎಂಬುದು.

ಇದನ್ನು ನಿರ್ಣಯಿಸುವ ಸಂಗತಿಗಳು ಮೂರು. ಮೊದಲನೆಯದು ಎತ್ತರ. ಬೆಟ್ಟದಲ್ಲಿ 1,000 ಮೀಟರ್ ಮೇಲೇರಿದರೆ ಉಷ್ಣತೆ ಸುಮಾರು 6 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. 2,500 ಮೀಟರಿನಲ್ಲಿ ನೀರಾಗಿ ಹರಿಯುತ್ತಿರುವ ಹಿಮ 3,500 ಮೀಟರಿನಲ್ಲಿ ಗಟ್ಟಿಯಾಗಿಯೇ ಇರಬಹುದು. ಎರಡನೆಯದು ಇಳಿಜಾರಿನ ಮುಖ. ಉತ್ತರಕ್ಕೆ ಮುಖ ಮಾಡಿದ ಇಳಿಜಾರಿಗೆ ಬಿಸಿಲು ಓರೆಯಾಗಿ ಬೀಳುವುದರಿಂದ ಅಲ್ಲಿ ಹಿಮ ಹೆಚ್ಚು ಕಾಲ ನಿಲ್ಲುತ್ತದೆ. ದಕ್ಷಿಣಕ್ಕೆ ಮುಖ ಮಾಡಿದ್ದು ಬೇಗ ಬೋಳಾಗುತ್ತದೆ. ಮೂರನೆಯದು ಮೋಡಗಳ ದಾರಿ. ಚಳಿಗಾಲದ ಹಿಮ ನಮ್ಮ ಮುಂಗಾರಿನಂತೆ ನೈಋತ್ಯದಿಂದ ಬರುವುದಲ್ಲ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಪಶ್ಚಿಮದ ಗಾಳಿಯೊಡನೆ ಸಾಗಿ ಬರುವ ಮೋಡಗಳು ಅದನ್ನು ಸುರಿಸುತ್ತವೆ. ಅವಕ್ಕೆ ಮೊದಲು ಎದುರಾಗುವುದು ಕಾಶ್ಮೀರದ ಬೆಟ್ಟಗಳು. ಪೂರ್ವಕ್ಕೆ, ಹಿಮಾಚಲದಿಂದ ಗಢವಾಲದ ಕಡೆಗೆ ಹೋದಂತೆ ಅವುಗಳ ಪಾಲು ಸಾಮಾನ್ಯವಾಗಿ ಕಡಿಮೆಯಾಗುತ್ತದೆ.

ಈ ಮೂರನ್ನೂ ಕೈಯಲ್ಲಿ ಹಿಡಿದುಕೊಂಡು ದೆಹಲಿಯವರ ಬಾಯಲ್ಲಿ ಸದಾ ಇರುವ ಮೂರು ಊರುಗಳನ್ನು ಅಳೆದು ನೋಡೋಣ.

ಔಲಿ

ಉತ್ತರಾಖಂಡದ ಚಮೋಲಿ ಜಿಲ್ಲೆಯ ಔಲಿಯ ಇಳಿಜಾರುಗಳು ಸುಮಾರು 2,500ರಿಂದ 3,050 ಮೀಟರ್ ಎತ್ತರದಲ್ಲಿವೆ. ಎದುರಿಗೆ 7,816 ಮೀಟರಿನ ನಂದಾದೇವಿ. 2011ರಲ್ಲಿ ಮೊದಲನೆಯ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ಸ್ಪರ್ಧೆಗಳು ನಡೆದದ್ದು ಇಲ್ಲಿ. ಇಳಿಜಾರು ಹೊಸಬರಿಗೆ ಹಿತವಾದದ್ದು. ಗಢವಾಲ್ ಮಂಡಲ ವಿಕಾಸ ನಿಗಮದವರು ಕಲಿಕೆಯ ತರಗತಿ ನಡೆಸುತ್ತ ಬಂದಿದ್ದಾರೆ. ಆದರೆ ಇಲ್ಲಿಯ ಹಿಮದ ಕಾಲ ಜನವರಿಯಿಂದ ಮಾರ್ಚಿಯ ಮೊದಲ ಭಾಗದವರೆಗೆ ಮಾತ್ರ ಎಂದು ತಿಳಿಯುವುದು ಕ್ಷೇಮ.

ದಾರಿಯೂ ಸುಲಭದ್ದಲ್ಲ. ಋಷಿಕೇಶದಿಂದ ಸುಮಾರು 250 ಕಿಲೋಮೀಟರ್ ಬೆಟ್ಟದ ರಸ್ತೆ, ಪೂರಾ ಒಂದು ಹಗಲು. ಕೆಳಗಿನ ಜೋಶೀಮಠದಿಂದ ಮೇಲಕ್ಕೆ ಸುಮಾರು 4 ಕಿಲೋಮೀಟರ್ ಉದ್ದದ ಹಗ್ಗದ ದಾರಿಯೊಂದಿತ್ತು. 2023ರ ಜನವರಿಯಲ್ಲಿ ಜೋಶೀಮಠದ ನೆಲ ಕುಸಿದು ಮನೆಗಳು ಬಿರುಕುಬಿಟ್ಟಾಗ ಅದನ್ನು ನಿಲ್ಲಿಸಿದರು. ಅದನ್ನು ನಂಬಿಕೊಂಡು ಯಾರೂ ಹೊರಡಬಾರದು. ರಸ್ತೆಯಲ್ಲೇ ಹೋಗುವುದೆಂದು ಲೆಕ್ಕ ಹಾಕಬೇಕು.

ಒಂದು ಆಕರ್ಷಣೆಯನ್ನು ಹೇಳದಿದ್ದರೆ ತಪ್ಪಾದೀತು. ಈ ಜೋಶೀಮಠವೇ ಜ್ಯೋತಿರ್ಮಠ, ನಮ್ಮ ಶೃಂಗೇರಿಯಂತೆ ಶಂಕರಾಚಾರ್ಯರ ಪರಂಪರೆಯ ನಾಲ್ಕು ಮಠಗಳಲ್ಲೊಂದು. ಇಲ್ಲಿ ನರಸಿಂಹ ದೇವಸ್ಥಾನವೂ ಇದೆ. ಜೊತೆಗೆ ಅಜ್ಜಿ-ತಾತಂದಿರಿದ್ದರೆ ಅವರಿಗೆ ಇದು ಸಾರ್ಥಕ. ಆದರೆ ಬದರಿಯ ದರ್ಶನವೂ ಆಗಿಬಿಡಲಿ ಎಂದು ಅವರು ಹೊರಟರೆ ಮೊದಲೇ ತಿಳಿಸಿಬಿಡಿ. ಮಾರ್ಚಿಯಲ್ಲಿ ಬದರೀನಾಥದ ಬಾಗಿಲು ಮುಚ್ಚಿರುತ್ತದೆ.

ಸೋಲಾಂಗ್

ಮನಾಲಿಯಿಂದ ಹದಿಮೂರು ಹದಿನಾಲ್ಕು ಕಿಲೋಮೀಟರ್ ದೂರ, ಸುಮಾರು 2,500 ಮೀಟರ್ ಎತ್ತರ. ದೆಹಲಿಯಿಂದ ರಾತ್ರಿಯ ಬಸ್ಸಿಗೆ ಕೂತರೆ ಬೆಳಿಗ್ಗೆ ಮನಾಲಿ. ವಸತಿಗೆ ಕೊರತೆಯಿಲ್ಲ, ಎಲ್ಲ ದರದ ಮನೆಗಳೂ ಇವೆ. 1961ರಲ್ಲಿ ಆರಂಭವಾದ ಪರ್ವತಾರೋಹಣ ಸಂಸ್ಥೆ ಮನಾಲಿಯಲ್ಲೇ ಇದ್ದು, ಇಂದು ಅಟಲ್ ಬಿಹಾರಿ ವಾಜಪೇಯಿಯವರ ಹೆಸರಿನಲ್ಲಿ ನಡೆಯುತ್ತಿದೆ. ಚಳಿಗಾಲದಲ್ಲಿ ಅಲ್ಲಿ ಸ್ಕೀ ತರಬೇತಿಯುಂಟು. ಫೆಬ್ರವರಿಯಲ್ಲಿ ಹೋಗಬಲ್ಲವರಿಗೆ ಸೋಲಾಂಗ್ ಒಳ್ಳೆಯದೇ. ಮಾರ್ಚಿಯ ಕೊನೆಯಲ್ಲಿ ನಮಗಾದ ಗತಿಯನ್ನು ಮೇಲೆ ಹೇಳಿದ್ದೇವೆ.

ಆದರೂ ಮನಾಲಿಯನ್ನು ಪೂರ್ತಿ ಬಿಡಬೇಕಾಗಿಲ್ಲ. 2020ರ ಅಕ್ಟೋಬರ್ 3ರಂದು ತೆರೆದ 9 ಕಿಲೋಮೀಟರ್ ಉದ್ದದ ಅಟಲ್ ಸುರಂಗವನ್ನು ದಾಟಿದರೆ ಸುಮಾರು 3,100 ಮೀಟರ್ ಎತ್ತರದ ಲಾಹೌಲ್ ಕಣಿವೆಗೆ ಬರುತ್ತೇವೆ. ಈಚೆಯ ಬಾಯಲ್ಲಿ ಕೆಸರಿದ್ದಾಗಲೂ ಆಚೆಯ ಬಾಯಲ್ಲಿ ಬೆಳ್ಳಗೆ ಹಿಮ ಹಾಸಿರುವುದುಂಟು. ಅಲ್ಲಿ ಜಾರುವವರನ್ನು ಮೇಲಕ್ಕೆಳೆದುಕೊಂಡು ಹೋಗುವ ಯಂತ್ರದ ಅನುಕೂಲವಿಲ್ಲ. ಹಿಮದಲ್ಲಿ ಹೊರಳಾಡಿ ಉಂಡೆ ಎಸೆದಾಡುವ ಮಕ್ಕಳಿಗೆ ಅದರ ಚಿಂತೆಯೂ ಇಲ್ಲ. ನೋಡಬೇಕಾದ್ದು ಹಿಮ ಮಾತ್ರ, ಸ್ಕೀ ಕಲಿಯುವ ಹಟವಿಲ್ಲ ಎನ್ನುವ ಮನೆಯವರಿಗೆ ನಾವು ಇದನ್ನೇ ಹೇಳುತ್ತೇವೆ. ಹೊಸ ಹಿಮ ಬಿದ್ದ ದಿನ ರಸ್ತೆಯನ್ನು ಮುಚ್ಚುತ್ತಾರೆಂಬುದು ನೆನಪಿರಲಿ. ಕೈಯಲ್ಲಿ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಬೇಕು.

ಗುಲ್ಮಾರ್ಗ್

ಶ್ರೀನಗರದಿಂದ ಸುಮಾರು 50 ಕಿಲೋಮೀಟರ್ ದೂರದ ಗುಲ್ಮಾರ್ಗ್ 2,650 ಮೀಟರ್ ಎತ್ತರದ ಹುಲ್ಲುಗಾವಲು. ಎತ್ತರದಲ್ಲಿ ಉಳಿದೆರಡಕ್ಕಿಂತ ಬಹಳ ಹೆಚ್ಚೇನಲ್ಲ. ಹೆಚ್ಚುಗಾರಿಕೆ ಇರುವುದು ಅಲ್ಲಿಯ ಗೊಂಡೋಲದಲ್ಲಿ, ಅಂದರೆ ತಂತಿಯ ಮೇಲೆ ತೂಗಿಕೊಂಡು ಹೋಗುವ ಪೆಟ್ಟಿಗೆಗಳಲ್ಲಿ. 1998ರಲ್ಲಿ ತೆರೆದ ಮೊದಲ ಹಂತ ನಮ್ಮನ್ನು ಸುಮಾರು 3,100 ಮೀಟರಿನ ಕೊಂಗ್‌ಡೂರಿಗೆ ಒಯ್ಯುತ್ತದೆ. 2005ರಲ್ಲಿ ತೆರೆದ ಎರಡನೆಯ ಹಂತ 3,900 ಮೀಟರಿಗೂ ಮೇಲಿರುವ ಅಫರ್ವತ್ ಬೆಟ್ಟದ ಭುಜಕ್ಕೆ. ಕೆಳಗೆ ಹಿಮ ಕರಗುತ್ತಿದ್ದರೆ ಟಿಕೆಟು ಕೊಂಡು ಒಂದು ಮಜಲು ಮೇಲೇರಿದರಾಯಿತು. ಈ ಅನುಕೂಲ ಔಲಿಗೂ ಇಲ್ಲ, ಸೋಲಾಂಗಿಗೂ ಈ ಪ್ರಮಾಣದಲ್ಲಿ ಇಲ್ಲ. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಸ್ಕೀ ಶಿಕ್ಷಣ ಸಂಸ್ಥೆ 1968ರಿಂದ ಇಲ್ಲಿದೆ. ಆದ್ದರಿಂದ ಮಾರ್ಚಿಯ ಕೊನೆಯಲ್ಲಿ ಸ್ಕೀಯಿಂಗನ್ನೇ ಕಲಿಯಬೇಕೆಂಬ ಮನೆಯವರಿಗೆ ನಮ್ಮ ಉತ್ತರ ಒಂದೇ: ಗುಲ್ಮಾರ್ಗ್.

ಹಾಗೆಂದು ಗುಲ್ಮಾರ್ಗಿನ ಹಿಮಕ್ಕೂ ಯಾರೂ ಜಾಮೀನು ನಿಲ್ಲಲಾರರು. 2024ರ ಜನವರಿಯಲ್ಲಿ ಅಲ್ಲಿಯ ಬಯಲು ಬರಿದಾಗಿ ಕಂದು ಬಣ್ಣಕ್ಕೆ ತಿರುಗಿತ್ತು. 2025ರಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕೂಟವನ್ನು ಹಿಮವಿಲ್ಲದೆ ಫೆಬ್ರವರಿಯಿಂದ ಮುಂದಕ್ಕೆ ಹಾಕಿ ಮಾರ್ಚಿ 9ರಿಂದ 12ರವರೆಗೆ ನಡೆಸಿದರು. ಹೊರಡುವ ಹತ್ತು ದಿನ ಮೊದಲು ಅಲ್ಲಿಯವರನ್ನೇ ವಿಚಾರಿಸುವುದು, ಹಣ ವಾಪಸು ಬರುವ ಷರತ್ತಿನ ಮೇಲೆ ಕೋಣೆ ಹಿಡಿಯುವುದು, ಎರಡೂ ಅವಶ್ಯ.

ಮನೆಯವರೆಲ್ಲರ ಲೆಕ್ಕ

ಊರು ಗೊತ್ತಾದ ಮೇಲೆ ಮನೆಯವರ ಲೆಕ್ಕ. ಜೊತೆಗೆ ಹೋಗುವವರಲ್ಲಿ ಎಲ್ಲರಿಗಿಂತ ಅಶಕ್ತರು ಯಾರೋ ಅವರಿಗೆ ತಕ್ಕಂತೆ ಸ್ಥಳವನ್ನೂ ದಿನಚರಿಯನ್ನೂ ಗೊತ್ತುಮಾಡಬೇಕು. ಹೃದಯದ ಅಥವಾ ಶ್ವಾಸದ ತೊಂದರೆಯಿರುವ ಹಿರಿಯರನ್ನೂ ಎಳೆಯ ಕೂಸುಗಳನ್ನೂ ಅಫರ್ವತ್ತಿಗೆ ಕರೆದೊಯ್ಯುವುದು ಬೇಡ. ಆ ಎತ್ತರದಲ್ಲಿ ಗಾಳಿ ವಿರಳ. ಆರೋಗ್ಯವಂತರಿಗೂ ಉಸಿರು ಕಟ್ಟಿದಂತಾಗುತ್ತದೆ.

ಕಲಿಯುವವರಿಗೆ ಅಫರ್ವತ್ ಬೇಕಾಗುವುದೂ ಇಲ್ಲ. ಮೊದಲ ದಿನದ ಪಾಠ ಬೀಳುವುದು ಮತ್ತು ಏಳುವುದು. ಎರಡನೆಯ ದಿನದ ಪಾಠ ಎರಡು ಹಲಗೆಗಳ ಮುಂದಿನ ತುದಿಗಳನ್ನು ಹತ್ತಿರ ತಂದು, ಹಿಂದಿನ ತುದಿಗಳನ್ನು ಅಗಲಿಸಿ, ವೇಗ ತಡೆಯುವುದು. ಇದಕ್ಕೆ ಮೆಲ್ಲನೆಯ ಇಳಿಜಾರು ಸಾಕು. ನಾಲ್ಕೈದು ದಿನ ಬಿಡದೆ ಅಭ್ಯಾಸ ಮಾಡಿದರೆ ಮಕ್ಕಳು ತಾವಾಗಿ ತಿರುಗಿ ನಿಲ್ಲುವಷ್ಟು ಕಲಿಯುತ್ತಾರೆ. ದೊಡ್ಡವರಿಗೆ ಇನ್ನೂ ಸ್ವಲ್ಪ ಹೆಚ್ಚು ಬೇಕು. ಎರಡು ದಿನದ ಪ್ರವಾಸದಲ್ಲಿ ಸ್ಕೀ ಕಲಿತು ಬರುತ್ತೇವೆ ಎನ್ನುವುದು ಎರಡು ದಿನದಲ್ಲಿ ವೀಣೆ ಕಲಿತಂತೆ.

ಮಾರ್ಚಿಯ ಹಿಮಕ್ಕೆ ದಿನದೊಳಗೂ ಒಂದು ವೇಳಾಪಟ್ಟಿಯುಂಟು. ರಾತ್ರಿ ಹೆಪ್ಪುಗಟ್ಟಿ ಬೆಳಿಗ್ಗೆ ಗಾಜಿನಂತೆ ಗಟ್ಟಿ. ಬಿಸಿಲೇರಿದ ಮೇಲೆ ಮೇಲ್ಪದರ ಮೆತ್ತಗಾಗಿ ಜಾರಲು ಹದ. ಮಧ್ಯಾಹ್ನ ಕಳೆದರೆ ಅರೆದ ಅಕ್ಕಿಹಿಟ್ಟಿನಂತೆ ಕಾಲಿಗೆ ಅಂಟುತ್ತದೆ. ಅಂಟಿದ ಹಿಮದಲ್ಲಿ ಮೊಣಕಾಲು ಹೊರಳುವ ಭಯ ಹೆಚ್ಚು. ಆದ್ದರಿಂದ ಹದವಾದ ಆ ಮೂರು ನಾಲ್ಕು ಗಂಟೆಯಲ್ಲೇ ಪಾಠ ಮುಗಿಸಿ, ಅಪರಾಹ್ನ ಬಿಸಿ ಬಿಸಿ ಕುಡಿದು ಕೂಡುವುದು ಜಾಣತನ.

ಉಡುಪಿನ ಬಗ್ಗೆ ಎರಡೇ ಮಾತು. ಮೈಗೆ ತಾಗುವ ಬಟ್ಟೆ ಹತ್ತಿಯದಾಗಿರಬಾರದು. ಬೆವರಿನಲ್ಲಿ ನೆನೆದರೆ ಒಣಗದೆ ಮೈ ಕೊರೆಯುತ್ತದೆ. ಕಪ್ಪು ಕನ್ನಡಕವಿಲ್ಲದೆ ಯಾರನ್ನೂ ಹಿಮಕ್ಕೆ ಬಿಡಬಾರದು. ಹಿಮದಿಂದ ಮರಳಿ ಹೊಡೆಯುವ ಬಿಸಿಲು ಕಣ್ಣನ್ನು ಸುಡುತ್ತದೆ. ಹಲಗೆ, ಬೂಟು, ಶಿರಸ್ತ್ರಾಣ ಅಲ್ಲೇ ಬಾಡಿಗೆಗೆ ಸಿಕ್ಕುತ್ತವೆ. ಬೂಟು ಹಿಮ್ಮಡಿಯನ್ನು ಬಿಗಿಯಾಗಿ ಹಿಡಿಯಬೇಕು, ಸಡಿಲವಾದದ್ದನ್ನು ಒಪ್ಪಿಕೊಳ್ಳಬೇಡಿ.

ಭಯದ ಮಾತು

ಅಫರ್ವತ್ತಿನ ಇಳಿಜಾರು ಯಂತ್ರದಿಂದ ಹದಮಾಡಿದ ದಾರಿಯಲ್ಲ, ತೆರೆದ ಬೆಟ್ಟ. 2023ರ ಫೆಬ್ರವರಿ 1ರಂದು ಅಲ್ಲಿ ಹಿಮ ಕುಸಿದು ಪೋಲೆಂಡಿನ ಇಬ್ಬರು ಸ್ಕೀಗಾರರು ಪ್ರಾಣ ಬಿಟ್ಟರು. ಹೊಸ ಹಿಮ ಬಿದ್ದ ಮರುದಿನವೂ ಬಿಸಿಲೇರಿದ ಮಧ್ಯಾಹ್ನವೂ ಹಿಮಕುಸಿತಕ್ಕೆ ಒಳ್ಳೆಯ ಹೊತ್ತು. ಹಗ್ಗ ಕಟ್ಟಿ ತಡೆದ ಗಡಿಯನ್ನು ದಾಟಬಾರದೆಂದು ಮಕ್ಕಳಿಗೆ ಹೇಳುವುದಷ್ಟೇ ಅಲ್ಲ, ದೊಡ್ಡವರೂ ದಾಟಬಾರದು.

ಇನ್ನೊಂದು ಭಯವನ್ನು ಬಾಯಿಬಿಟ್ಟು ಹೇಳುವುದೇ ಮೇಲು. 2025ರ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮಿನ ಬಳಿ ಭಯೋತ್ಪಾದಕರ ಗುಂಡಿಗೆ 26 ಮಂದಿ ಬಲಿಯಾದರು. ಅವರಲ್ಲಿ ರಜೆಗೆಂದು ಹೋಗಿದ್ದ ಕನ್ನಡಿಗರೂ ಇದ್ದರು. ಹೋಗಿ ಎಂದಾಗಲಿ ಹೋಗಬೇಡಿ ಎಂದಾಗಲಿ ಅಪ್ಪಣೆ ಕೊಡಲು ನಾವು ಯಾರು? ಹೊರಡುವ ಮುನ್ನ ಸರ್ಕಾರದ ಸೂಚನೆಗಳನ್ನು ಓದಿ, ಮನೆಯ ಎಲ್ಲರೂ, ಹೆಂಗಸರು ಹಿರಿಯರು ಸೇರಿ, ಒಪ್ಪಿದರೆ ಮಾತ್ರ ಹೊರಡಿ. ಒಬ್ಬರಿಗೆ ಮನಸ್ಸಿಲ್ಲದಿದ್ದರೂ ಲಾಹೌಲ್ ಇದ್ದೇ ಇದೆ.

ಹಣ ಮತ್ತು ಊರು

ಶ್ರೀನಗರಕ್ಕೆ ವಿಮಾನದಲ್ಲಿ ಒಂದೂವರೆ ಗಂಟೆ. 2025ರ ಜೂನ್ 6ರಿಂದ ಕಟ್ರಾ–ಶ್ರೀನಗರ ರೈಲೂ ಆರಂಭವಾಗಿರುವುದರಿಂದ ಕಟ್ರಾದಲ್ಲಿ ಗಾಡಿ ಬದಲಾಯಿಸಿ ಕಡಿಮೆ ಖರ್ಚಿನಲ್ಲಿ ಹೋಗಬಹುದು. ಕೇಂದ್ರ ಸರ್ಕಾರದ ನೌಕರರು ಸ್ವಂತ ಊರಿನ ಎಲ್.ಟಿ.ಸಿ.ಯ ಬದಲಿಗೆ ಜಮ್ಮು-ಕಾಶ್ಮೀರಕ್ಕೆ ಹೋಗಲು ಅವಕಾಶ ಕೊಡುವ ವಿಶೇಷ ಸೌಲಭ್ಯವನ್ನು ಸರ್ಕಾರ ಹಲವು ಸಲ ಮುಂದುವರಿಸಿದೆ. ನಿಮ್ಮ ಪ್ರಯಾಣದ ದಿನಕ್ಕೆ ಅದು ಜಾರಿಯಲ್ಲಿರುವುದೇ ಎಂದು ಕಛೇರಿಯಲ್ಲಿ ಕೇಳಿಕೊಳ್ಳಿ.

ಆದರೆ ಆ “ಬದಲಿಗೆ” ಎಂಬ ಪದದ ಮೇಲೆ ಒಂದು ಗಳಿಗೆ ನಿಲ್ಲಿ. ಹಿಮಕ್ಕೆ ಕೊಟ್ಟ ಟಿಕೆಟು ಊರಿಗೆ ಇಲ್ಲ. ಮೇ ತಿಂಗಳಲ್ಲಿ ಮೊಮ್ಮಕ್ಕಳು ಬರುತ್ತಾರೆಂದು ಹಪ್ಪಳ ಸಂಡಿಗೆ ಮಾಡಿಟ್ಟು ಕಾಯುವ ಅಜ್ಜಿ ಹಾಸನದಲ್ಲೋ ಧಾರವಾಡದಲ್ಲೋ ಇದ್ದರೆ, ಮೊದಲು ಆ ಲೆಕ್ಕ ತೀರಲಿ. ಸ್ಕೀ ಮುಂದಿನ ವರ್ಷ ಫೆಬ್ರವರಿಯಲ್ಲಿ, ಶಾಲೆಗೆ ನಾಲ್ಕು ದಿನ ರಜೆ ಕೇಳಿಯಾದರೂ ಆದೀತು. ಆಗ ಹಿಮವೂ ಚೆನ್ನಾಗಿರುತ್ತದೆ.

ಹೋಗಿ ಬಂದವರು ಎಂದು ಹೋದಿರಿ, ಎಷ್ಟು ಹಿಮವಿತ್ತು ಎಂಬುದನ್ನು ವಾಚನಾಲಯದ ಪುಸ್ತಕದಲ್ಲಿ ನಾಲ್ಕು ಸಾಲು ಬರೆದಿಡಬೇಕೆಂದು ಕೋರುತ್ತೇವೆ. ಮುಂದಿನ ಸಂಕ್ರಾಂತಿಗೆ ಇದೇ ಪ್ರಶ್ನೆ ಮತ್ತೆ ಏಳುತ್ತದೆ. ಕೇಳುವವರ ಮಕ್ಕಳಾದರೂ ಕೆಸರಿನಲ್ಲಿ ಜಾರದಿರಲಿ.