ಘಟ್ಟವಿಳಿಯುವ ಮುನ್ನ ಮುಂಗಾಲಿಯ ಪರೀಕ್ಷೆ

ಮಳೆಗಾಲದ ಒಂದು ಮುಂಜಾವು. ಸಿದ್ದಾಪುರ ತಾಲೂಕಿನ ಹೆಗ್ಗರಣೆಯ ಅಡಕೆ ತೋಟಗಳ ಮೇಲೆ ಮಂಜು ಕವಿದಿದೆ. ಮನೆಯ ಜಗಲಿಯ ಮಗ್ಗುಲಲ್ಲಿ ಅಜ್ಜನ ಕಾಲದ ಜಾವಾ ಮೋಟಾರು ಸೈಕಲ್ಲೊಂದು ನಿಂತಿದೆಯೆಂದು ಓದುಗರು ಭಾವಿಸಿಕೊಳ್ಳಲಿ. ಮೊಮ್ಮಗ ಅದನ್ನೇರಿ ಕುಮಟೆಗೆ ಹೊರಟಿದ್ದಾನೆ. ಒದ್ದೊಡನೆ ಎಂಜಿನ್ನು ಗುಡುಗುತ್ತದೆ, ದೀಪ ಬೆಳಗುತ್ತದೆ, ಒರೆಸಿದ ಬಣ್ಣ ಹೊಳೆಯುತ್ತದೆ. ಆದರೆ ಮುಂದಿನ ಬ್ರೇಕಿನ ಹಿಡಿಯನ್ನು ಅದುಮಿದರೆ ಅದು ಹ್ಯಾಂಡಲ್ಲಿಗೆ ತಾಗುವಷ್ಟು ಬರುತ್ತದೆ; ಗಾಡಿ ಮಾತ್ರ ತನಗೆ ತೋರಿದಾಗ ನಿಲ್ಲುತ್ತದೆ! “ಹಳೆಯ ಗಾಡಿ, ಅದರ ಗುಣವೇ ಅಷ್ಟು” ಎಂಬ ಸಮಾಧಾನ ಬಯಲುಸೀಮೆಯಲ್ಲಿ ನಡೆದೀತು. ದೊಡ್ಮನೆ ಘಟ್ಟದಲ್ಲಿ ನಡೆಯದು.

ಈ ಗಾಡಿಗಳ ತವರು ಮೈಸೂರು. ಜೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯ ಪರವಾನಿಗೆ ಪಡೆದು ಅಲ್ಲಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಉತ್ಪಾದನೆಗೆ ತೊಡಗಿತು. 1973ರಿಂದ ಅದೇ ವಾಹನ ‘ಯೆಜ್ಡಿ’ ಎಂಬ ಹೆಸರಿನಿಂದ ಹೊರಬಂದಿತು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತಾದರೂ ಅದರ ಮಕ್ಕಳು ಕರ್ನಾಟಕದ ರಸ್ತೆಗಳಲ್ಲಿ ಇಂದಿಗೂ ಓಡಾಡುತ್ತಿರುವುದು ಆ ಕಟ್ಟುಮಸ್ತಿನ ಯಂತ್ರಕ್ಕೆ ಸಲ್ಲುವ ಪ್ರಶಂಸೆ. ಓಡುವ ಶಕ್ತಿ ಉಳಿದು ನಿಲ್ಲುವ ಶಕ್ತಿ ಕುಂದಿದರೆ ಮಾತ್ರ ಆ ಪ್ರಶಂಸೆ ಅಪಾಯಕ್ಕೆ ಎಡೆಯಾಗುತ್ತದೆ.

ಮುಂಗಾಲಿಗೇಕೆ ಮಹತ್ವ?

ವೇಗ ಇಮ್ಮಡಿಯಾದರೆ ಗಾಡಿಯಲ್ಲಿ ತುಂಬಿದ ಚಲನಶಕ್ತಿ ನಾಲ್ಮಡಿಯಾಗುತ್ತದೆ. ಗಂಟೆಗೆ 30 ಕಿಲೋಮೀಟರಿನಲ್ಲಿ ಸಾಕೆನಿಸಿದ ಬ್ರೇಕು 60ರಲ್ಲಿ ಸಾಲದೆನಿಸುವುದು ಇದರಿಂದಲೇ. ಬ್ರೇಕು ಹಾಕಿದೊಡನೆ ವಾಹನದ ಭಾರ ಮುಂದಕ್ಕೆ ವಾಲುತ್ತದೆ. ಹಿಂಗಾಲಿ ಹಗುರವಾಗಿ ಸುಲಭವಾಗಿ ಜಾರುತ್ತದೆ. ಆದುದರಿಂದ ನಿಲ್ಲಿಸುವ ಹೊಣೆಯ ಹೆಚ್ಚಿನ ಪಾಲು ಮುಂಗಾಲಿಯದು. ಇಳಿಜಾರಿನಲ್ಲಂತೂ ಇದು ಇನ್ನೂ ನಿಜ.

ಜಾವಾದಂತಹ ಎರಡು ಸ್ಟ್ರೋಕಿನ ಎಂಜಿನ್ನಿಗೆ ಮತ್ತೊಂದು ಸ್ವಭಾವವಿದೆ. ಆಕ್ಸಿಲರೇಟರು ಬಿಟ್ಟಾಗ ನಾಲ್ಕು ಸ್ಟ್ರೋಕಿನ ಎಂಜಿನ್ನು ಗಾಡಿಯನ್ನು ಹಿಡಿದೆಳೆಯುವಷ್ಟು ಇದು ಎಳೆಯದು. ಅಲ್ಲದೆ ಇದರ ಎಣ್ಣೆ ಪೆಟ್ರೋಲಿನಲ್ಲಿಯೇ ಬೆರೆತಿರುವುದರಿಂದ, ಆಕ್ಸಿಲರೇಟರನ್ನು ಮುಚ್ಚಿ ಬಹುದೂರ ಇಳಿದರೆ ಪಿಸ್ಟನ್ನಿಗೆ ಎಣ್ಣೆ ಸಾಲದೆ ಅದು ಕಚ್ಚಿಕೊಳ್ಳಲೂಬಹುದು. ದೊಡ್ಮನೆ, ದೇವಿಮನೆ, ಅರಬೈಲು ಘಟ್ಟಗಳನ್ನಿಳಿಯುವವನು ಬ್ರೇಕನ್ನೇ ನಂಬಬೇಕು.

ಡ್ರಮ್ಮಿನೊಳಗಿನ ಕಥೆ

ಗಾಲಿಯ ನಡುವಿನ ಡ್ರಮ್ಮಿನೊಳಗೆ ಅರ್ಧಚಂದ್ರಾಕಾರದ ಎರಡು ಶೂಗಳಿವೆ. ಹಿಡಿಯನ್ನು ಅದುಮಿದಾಗ ಕೇಬಲು ಒಂದು ತೋಳನ್ನೆಳೆದು, ಕ್ಯಾಮು ತಿರುಗಿ, ಶೂಗಳು ಅಗಲಿ ಡ್ರಮ್ಮಿಗೆ ಒತ್ತುತ್ತವೆ. ತಿರುಗುವ ಡ್ರಮ್ಮು ಒಂದು ಶೂವನ್ನು ತನ್ನತ್ತಲೇ ಸೆಳೆದುಕೊಂಡು ಹಿಡಿತವನ್ನು ಬಲಪಡಿಸುತ್ತದೆ. ಇನ್ನೊಂದನ್ನು ಹಿಂದಕ್ಕೆ ನೂಕುತ್ತದೆ. ಹೀಗೆ ಇಬ್ಬರು ಆಳುಗಳಲ್ಲಿ ಒಬ್ಬನೇ ಮನಸ್ಸಿಟ್ಟು ದುಡಿಯುವವನು! ಎರಡೂ ಶೂಗಳನ್ನು ದುಡಿಸುವ ಇಬ್ಬಗೆ ಕ್ಯಾಮಿನ ಡ್ರಮ್ಮುಗಳನ್ನು ಬುಲೆಟ್ಟಿನ ಕೆಲವು ಮಾದರಿಗಳಲ್ಲಿ ಕಾಣಬಹುದು. ಆದರೆ ಭಾಗಗಳನ್ನು ಬದಲಿಸುವ ಮೊದಲು ಇದ್ದುದನ್ನೇ ಸರಿಪಡಿಸುವುದು ಜಾಣತನ.

ಮೊದಲು ಕೇಬಲು. ತುಕ್ಕು ಹಿಡಿದು, ಎಳೆ ಬಿಚ್ಚಿ, ಮೊನಚಾಗಿ ಬಾಗಿದ ಕೇಬಲು ಕೈಯ ಬಲವನ್ನು ದಾರಿಯಲ್ಲಿಯೇ ನುಂಗುತ್ತದೆ. ಹೊಸ ಕೇಬಲನ್ನು ಎಣ್ಣೆ ಬಿಟ್ಟು, ಹದವಾದ ತಿರುವಿನಲ್ಲಿ ಹಾಯಿಸಬೇಕು. ಎರಡನೆಯದು ತೋಳಿನ ಕೋನ. ಶೂ ಡ್ರಮ್ಮನ್ನು ಕಚ್ಚುವ ಹೊತ್ತಿಗೆ ಕೇಬಲಿಗೂ ತೋಳಿಗೂ ನಡುವೆ 90 ಡಿಗ್ರಿಯಿರಬೇಕು. ಲೈನಿಂಗು ಸವೆದಂತೆಲ್ಲ ತಿರುಪನ್ನಷ್ಟೇ ಬಿಗಿಯುತ್ತ ಹೋದರೆ ತೋಳು ಆ ಕೋನವನ್ನು ದಾಟುತ್ತದೆ. ಎಷ್ಟು ಅದುಮಿದರೂ ಬಲ ಸಾಲದು.

ಮೂರನೆಯದು ಲೈನಿಂಗು. ಗ್ರೀಸು ಕುಡಿದ ಲೈನಿಂಗು ತೊಳೆದರೆ ಸರಿಯಾಗುವುದಿಲ್ಲ. ಅದನ್ನು ತೆಗೆದುಹಾಕಿ, ಗ್ರೀಸು ಸೋರುವ ಸೀಲನ್ನೂ ಬದಲಿಸಬೇಕು. ಹೊಸ ಲೈನಿಂಗು ಬಹುಶಃ ನಡುವಿನಲ್ಲಿಯೋ ತುದಿಯಲ್ಲಿಯೋ ಮಾತ್ರ ತಾಗೀತು. ಡ್ರಮ್ಮಿನೊಳಗೆ ಸೀಮೆಸುಣ್ಣ ಬಳಿದು, ಶೂಗಳನ್ನು ಕೂರಿಸಿ, ಹಿಡಿಯನ್ನು ಮೆಲ್ಲಗೆ ಅದುಮಿ ಗಾಲಿ ತಿರುಗಿಸಿದರೆ ತಾಗುವ ಜಾಗ ಬೆಳ್ಳಗಾಗಿ ತೋರುತ್ತದೆ. ಅಷ್ಟನ್ನು ಮಾತ್ರ ಉಜ್ಜಿ, ಬಿಳುಪು ಉದ್ದಗಲಕ್ಕೂ ಹರಡುವವರೆಗೆ ಈ ಕೆಲಸವನ್ನು ಮುಂದುವರಿಸಬೇಕು. ಬಳಿಕ ಸುಣ್ಣವನ್ನು ಪೂರ್ತಿ ಒರೆಸಬೇಕು. ಡ್ರಮ್ಮೇ ವಕ್ರವಾಗಿದ್ದರೆ ಲೇತಿಗೆ ಒಡ್ಡುವುದೇ ಪರಿಹಾರ. ಕಡ್ಡಿಗಳ ಬಿಗಿತವೂ ಆಕಾರವನ್ನು ಎಳೆಯುವುದರಿಂದ ಕಡ್ಡಿ ಕಟ್ಟಿದ ಗಾಲಿಯನ್ನೇ ಅಲ್ಲಿಗೆ ಒಯ್ಯತಕ್ಕದ್ದು.

ಕೊನೆಯ ಉಪಾಯಕ್ಕೆ ಬಿಡಿಕಾಸಿನ ಖರ್ಚಿಲ್ಲ. ಗಾಲಿಯನ್ನು ಜೋಡಿಸುವಾಗ ಅಚ್ಚಿನ ನಟ್ಟನ್ನು ಸಡಿಲವಾಗಿಟ್ಟು, ಗಾಲಿಯನ್ನು ತಿರುಗಿಸಿ ಬ್ರೇಕನ್ನು ಬಲವಾಗಿ ಹಿಡಿಯಬೇಕು. ಹಿಡಿದಂತೆಯೇ ನಟ್ಟನ್ನು ಬಿಗಿಯಬೇಕು. ಆಗ ಶೂಗಳು ಡ್ರಮ್ಮಿನ ನಟ್ಟನಡುವೆ ಬಂದು ನೆಲೆಸುತ್ತವೆ.

ಒಂದು ಎಚ್ಚರಿಕೆಯನ್ನು ಮರೆಯಲಾಗದು. ಹಳೆಯ ಲೈನಿಂಗುಗಳಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಆಸ್ಬೆಸ್ಟಾಸು ಇರುವ ಸಂಭವವುಂಟು. ಅವನ್ನು ಉಜ್ಜಬಾರದು, ಡ್ರಮ್ಮಿನ ಧೂಳನ್ನು ಬಾಯಿಂದಲೋ ಪಂಪಿನಿಂದಲೋ ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಮಕ್ಕಳು ಹತ್ತಿರ ಸುಳಿಯದಿರಲಿ.

ದುರಸ್ತಿಯಾದ ಗಾಡಿಯನ್ನು ಜನವಿಲ್ಲದ ಸಮತಟ್ಟಾದ ದಾರಿಯಲ್ಲಿ ಮೆಲ್ಲಗೆ ಓಡಿಸಿ ಪರೀಕ್ಷಿಸಿದ ಮೇಲೆಯೇ ಘಟ್ಟದ ಮಾತು. ಹಳ್ಳದ ನೀರು ಡ್ರಮ್ಮಿನೊಳಗೆ ನುಗ್ಗಿದರೆ ಎಂತಹ ಬ್ರೇಕೂ ಕ್ಷಣಕಾಲ ಸೋಲುತ್ತದೆ. ದಾಟಿದೊಡನೆ ಹಿಡಿಯನ್ನು ಹಗುರವಾಗಿ ಅದುಮಿ ಸ್ವಲ್ಪ ದೂರ ಸಾಗಿದರೆ ಶೂಗಳು ಒಣಗುತ್ತವೆ. ಇಷ್ಟಾದರೂ ಡ್ರಮ್ಮು ಇಂದಿನ ಡಿಸ್ಕ್ ಬ್ರೇಕಾಗದು. ಹಳೆಯ ಗಾಡಿಗೆ ಹಳೆಯ ವೇಗವೇ ಭೂಷಣ. ಅರ್ಧ ದಿನದ ಈ ಶ್ರಮವನ್ನು ಮೊಮ್ಮಗ ಮಳೆಗಾಲಕ್ಕೆ ಮುಂಚೆಯೇ ಕೈಗೊಂಡಿದ್ದರೆ, ಸಂಜೆ ಅವನು ಬರುವ ದಾರಿಯನ್ನು ನೋಡುತ್ತ ಜಗಲಿಯಲ್ಲಿ ಕುಳಿತವರು ನಿಶ್ಚಿಂತರಾಗಿರಬಹುದು.