ಹೊರಗೆ ಕಾಣದ ಮೂರು ತಿಂಗಳು

ಕನ್ನಡ ಪಾಠ ಹೇಳಿಕೊಂಡಿದ್ದವನಿಗೆ ಬಸಿರಿನ ವಿಷಯದಲ್ಲಿ ಮಾತನಾಡಲು ಏನು ಅಧಿಕಾರವೆಂದು ಕೇಳುಗರಲ್ಲಿ ಕೆಲವರಿಗಾದರೂ ಅನ್ನಿಸೀತು. ನನ್ನನ್ನು ಇಲ್ಲಿಗೆ ಕರೆತಂದಿರುವುದು ಒಂದು ಶಬ್ದ ಮತ್ತು ಒಂದು ಪಶ್ಚಾತ್ತಾಪ.

ಶಬ್ದ 'ದೌಹೃದ', ನಾವು ಕನ್ನಡದಲ್ಲಿ ಬಯಕೆ ಎನ್ನುವುದು. ಬಸುರಿಯೊಳಗೆ ಎರಡು ಹೃದಯಗಳಿರುವುದರಿಂದ ಅವಳು ದೌಹೃದಿನಿ ಎಂದು ಸುಶ್ರುತಸಂಹಿತೆ ವಿವರಿಸುತ್ತದೆ. ಆ ಗ್ರಂಥ ಎರಡನೆಯ ಹೃದಯ ವ್ಯಕ್ತವಾಗುವುದನ್ನು ನಾಲ್ಕನೆಯ ತಿಂಗಳಿನಲ್ಲಿಟ್ಟಿತು. ಗರ್ಭ ನಿಂತ ಸುಮಾರು 22ನೆಯ ದಿನಕ್ಕೇ ಅದು ಮಿಡಿಯತೊಡಗುತ್ತದೆಂಬುದು ಇಂದಿನ ತಿಳಿವಳಿಕೆ. ನಮ್ಮ ಸೀಮಂತ, ಹಸಿರು ಬಳೆ, ಮಡಿಲು ತುಂಬುವ ಸಂಭ್ರಮವೆಲ್ಲ ಐದು, ಏಳನೆಯ ತಿಂಗಳಿಗೆ. ಆ ಹೊತ್ತಿಗೆ ಮಗುವಿನ ಮುಖ್ಯ ಅಂಗಗಳೆಲ್ಲ ರೂಪುಗೊಂಡಾಗಿರುತ್ತವೆ.

ವೈದ್ಯರು ಬಸಿರನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ: 280 ದಿನ, ಎಂದರೆ 40 ವಾರ. ಮುಟ್ಟು ತಪ್ಪಿತೆಂದು ತಿಳಿಯುವಾಗಲೇ ಲೆಕ್ಕದಲ್ಲಿ ನಾಲ್ಕು ವಾರ ಕಳೆದಿರುತ್ತದೆ. ಮುಂದೆ ಮಿದುಳು, ಬೆನ್ನುಹುರಿಗಳಾಗಿ ಬೆಳೆಯಬೇಕಾದ ನಾಳವು ಗರ್ಭ ನಿಂತ 28 ದಿನಗಳೊಳಗೆ ಮುಚ್ಚಿಕೊಳ್ಳಬೇಕು. ಹಲವರಿಗೆ ಬಸಿರೆಂದು ಖಚಿತವಾಗುವ ಮೊದಲೇ ಈ ಕೆಲಸ ಮುಗಿದಿರುತ್ತದೆ. ಅದಕ್ಕಾಗಿಯೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ಮಗು ಬೇಕೆಂದುಕೊಂಡಾಗಿನಿಂದಲೇ ಹಿಡಿದು 12 ವಾರ ತುಂಬುವವರೆಗೆ ಸೇವಿಸಬೇಕೆನ್ನುತ್ತಾರೆ. ಎಂಟನೆಯ ವಾರಕ್ಕೆ ಶಿಶು ಅವರೆಕಾಳಿನಷ್ಟು. ಹನ್ನೆರಡಕ್ಕೆ ತಲೆಯಿಂದ ಕುಂಡೆಯವರೆಗೆ ಐದಾರು ಸೆಂಟಿಮೀಟರು, ಬೆರಳುಗಳು ಬೇರೆಬೇರೆಯಾಗಿ ಮೂಡಿರುತ್ತವೆ.

ತಾಯಿಗಾದರೋ, ಆರನೆಯ ವಾರದ ಸುಮಾರಿಗೆ ವಾಕರಿಕೆ ತೊಡಗುತ್ತದೆ. ಅನ್ನ ಬೇಯುವ ವಾಸನೆ, ಒಗ್ಗರಣೆಯ ಘಾಟು ಸೇರುವುದಿಲ್ಲ. ಎದೆ ಬಿಗಿಯುತ್ತದೆ, ಮೂತ್ರಕ್ಕೆ ಪದೇ ಪದೇ ಹೋಗಬೇಕಾಗುತ್ತದೆ, ಕುಳಿತಲ್ಲೇ ನಿದ್ದೆ ಬರುತ್ತದೆ. ಇದು ಸೋಮಾರಿತನವಲ್ಲ. ಮಂಡಕ್ಕಿಯಂಥ ಒಣ ತಿನಿಸನ್ನು ಸ್ವಲ್ಪಸ್ವಲ್ಪವಾಗಿ ಆಗಾಗ ತಿಂದರೆ ಹಲವರಿಗೆ ಹಿತವಾಗುತ್ತದೆ. ಹದಿನಾರನೆಯ ವಾರದ ಹೊತ್ತಿಗೆ ಬಹುಮಂದಿಗೆ ಸಂಕಟ ಇಳಿಯುತ್ತದೆ. ಔಷಧಿಯನ್ನು ಮಾತ್ರ ವೈದ್ಯರನ್ನು ಕೇಳದೆ ತೆಗೆದುಕೊಳ್ಳಲಾಗದು. ಪಶ್ಚಿಮ ಜರ್ಮನಿಯಲ್ಲಿ 1957ರಲ್ಲಿ ಮಾರಾಟಕ್ಕೆ ಬಂದ ಥಾಲಿಡೊಮೈಡನ್ನು ಬಸುರಿಯರ ವಾಕರಿಕೆಗೂ ಕೊಟ್ಟರು. 1961ರಲ್ಲಿ ಅದನ್ನು ಹಿಂತೆಗೆದುಕೊಂಡರೂ, ಅದರಿಂದ ಸಾವಿರಾರು ಮಕ್ಕಳು ಕೈಕಾಲು ಊನವಾಗಿ ಹುಟ್ಟಿದರು.

ಇನ್ನು ಪಶ್ಚಾತ್ತಾಪದ ಮಾತು. ನನ್ನ ಹೆಂಡತಿಯ ಮೊದಲ ಬಸಿರು ಹತ್ತನೆಯ ವಾರದಲ್ಲಿ ಇಳಿದುಹೋಯಿತು. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಕೂಡದೆಂಬ ರೂಢಿಯಂತೆ ನಾವು ಹೊರಗೆ ಹೇಳಿರಲಿಲ್ಲ. ಆದ್ದರಿಂದ ಸಂತೈಸಲೂ ಯಾರೂ ಬರಲಿಲ್ಲ. ತುಂಬಿದ ಬಿಂದಿಗೆ ಎತ್ತಿದ್ದೇ ಕಾರಣವೆಂದು ಮನೆಯ ಹಿರಿಯರು ಹೇಳಿದರು. ಅವಳು ಅದನ್ನು ನಂಬಿದಳು. ನಾನು ಪುಸ್ತಕ ಹಿಡಿದು ಸುಮ್ಮನಿದ್ದೆ.

ತಿಳಿದುಬಂದ ಬಸಿರುಗಳಲ್ಲಿ 100ಕ್ಕೆ 10ರಿಂದ 20 ಹೀಗೆ ಹೋಗುತ್ತವೆ, ಬಹುಪಾಲು ಮೊದಲ 12 ವಾರಗಳಲ್ಲೇ. ಅವುಗಳಲ್ಲಿ ಅರ್ಧದಷ್ಟಕ್ಕಾದರೂ ಕಾರಣ ಶಿಶುವಿನ ವರ್ಣತಂತುಗಳಲ್ಲಿ ಆರಂಭದಲ್ಲೇ ಆದ ಏರುಪೇರು. ಮನೆಗೆಲಸ ಮಾಡಿದವಳ ಅಪರಾಧ ಅದರಲ್ಲಿ ಏನೂ ಇಲ್ಲ. ಈ ಮಾತು ಆಗ ನನಗೆ ಗೊತ್ತಿದ್ದರೆ ಒಂದು ಜೀವ ಎಷ್ಟೋ ವರ್ಷ ತನ್ನನ್ನು ತಾನು ಹಳಿದುಕೊಳ್ಳುವುದು ತಪ್ಪುತ್ತಿತ್ತು.

ರಕ್ತ ಕಂಡರೆ, ಹೊಟ್ಟೆನೋವು ತೀವ್ರವಾದರೆ, ತಲೆಸುತ್ತಿ ಬಿದ್ದರೆ, ನೀರೂ ಒಳಗೆ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಎಲ್ಲ ಸರಿಯಿದ್ದರೂ 12 ವಾರದೊಳಗೆ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಿ ತಾಯಿ ಕಾರ್ಡು ಪಡೆಯಬೇಕು. ರಕ್ತಪರೀಕ್ಷೆ, ರಕ್ತದೊತ್ತಡದ ಪರೀಕ್ಷೆಗಳು ಅಲ್ಲಿಂದ ಆರಂಭ.

ಊರಿಗೆಲ್ಲ ಹೇಳಬೇಕಾಗಿಲ್ಲ. ಆದರೆ ಮನೆಯವರು ಹಸಿರು ಬಳೆಯ ದಿನಕ್ಕಾಗಿ ಕಾಯದೆ, ಏನು ಸೇರುತ್ತದೆ, ಏನು ಸೇರದು ಎಂದು ಅವಳನ್ನು ಇಂದೇ ಕೇಳಲಿ. ನಾನು ಅಂದು ಕೇಳಲಿಲ್ಲ.